ಚಳಿಯ ಮುಂಜಾವು, ಡೀಸೆಲ್ ಎಂಜಿನ್ ಮತ್ತು ನಮ್ಮ ಲೆಕ್ಕಪುಸ್ತಕ

ಕಾರ್ತಿಕ ಮಾಸ ಕಳೆದು ಕಬ್ಬು ನುರಿಸುವ ಹಂಗಾಮು ಬಿರುಸುಗೊಳ್ಳುವ ವೇಳೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮುಂಜಾವಿನ ಉಷ್ಣಾಂಶವು 10–12 ಡಿಗ್ರಿಗೆ ಇಳಿಯುವುದುಂಟು. ಉತ್ತರ ಭಾರತದವರಿಗೆ ಇದು ಚಳಿಯೇ ಅಲ್ಲ. ಆದರೆ ರಾತ್ರಿಯಿಡೀ ಬಯಲಿನಲ್ಲಿ ನಿಂತ ಟ್ರಾಕ್ಟರಿನ ಎಂಜಿನ್ನಿಗೆ ಇಷ್ಟೇ ಚಳಿ ಸಾಕಷ್ಟು ತೊಂದರೆ ಕೊಡಬಲ್ಲದು. ನಮ್ಮ ಸದಸ್ಯರಲ್ಲಿ ಅನೇಕರು ಟ್ರಾಕ್ಟರು, ಲಾರಿ ಅಥವಾ ಜನರೇಟರುಗಳ ಮಾಲೀಕರಾಗಿರುವುದರಿಂದ, ಲೆಕ್ಕಪರಿಶೋಧಕನಾದ ನಾನು ಎಂಜಿನ್ನಿನ ವಿಷಯಕ್ಕೆ ಕೈಹಾಕಿದ್ದನ್ನು ಮನ್ನಿಸುತ್ತಾರೆಂದು ನಂಬಿದ್ದೇನೆ. ಕೈಹಾಕಲು ಕಾರಣವೂ ಇದೆ. ಈ ವಿಷಯದಲ್ಲಿ ನಾನು ನೀಡಿದ ಒಂದು ಸಲಹೆಯಿಂದ ಕಕ್ಷಿದಾರರೊಬ್ಬರಿಗೆ ನಷ್ಟವಾಯಿತು.

ಸದರಿ ಕಕ್ಷಿದಾರರು ಆರು ಟ್ರಾಕ್ಟರುಗಳನ್ನಿಟ್ಟುಕೊಂಡು ಕಬ್ಬು ಸಾಗಣೆಯ ಗುತ್ತಿಗೆ ನಡೆಸುತ್ತಾರೆ. ಕೆಲವು ವರ್ಷಗಳ ಹಿಂದೆ ಅವರ ಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಅಂಶ ಕಣ್ಣಿಗೆ ಬಿದ್ದಿತು. ಅದೇ ರಸ್ತೆ, ಅದೇ ಕಾರ್ಖಾನೆ, ಹೆಚ್ಚುಕಡಿಮೆ ಅದೇ ತೂಕ. ಆದರೂ ಡಿಸೆಂಬರ್-ಜನವರಿಯಲ್ಲಿ ಪ್ರತಿ ಖೇಪಿಗೆ ತಗಲುವ ಡೀಸೆಲ್ ಮಾರ್ಚ್ ತಿಂಗಳಿಗಿಂತ ಸ್ಪಷ್ಟವಾಗಿ ಹೆಚ್ಚು. ಕಳವಿನ ಸಂಶಯ ಬಂದದ್ದು ಸಹಜ. ನಿಜಾಂಶ ತಿಳಿಯಲು ಮುಂಜಾನೆ ಐದು ಗಂಟೆಗೆ ಅವರ ಅಂಗಳಕ್ಕೆ ಹೋಗಿ ನಿಂತೆ. ಆರೂ ಟ್ರಾಕ್ಟರುಗಳು ಬಿಳಿ ಹೊಗೆ ಉಗುಳುತ್ತ ನಿಂತಲ್ಲೇ ಓಡುತ್ತಿದ್ದವು. ಚಾಲಕರು ರವದಿಗೆ ಬೆಂಕಿ ಹಚ್ಚಿ ಸುತ್ತ ಕುಳಿತು ಚಹಾ ಕುಡಿಯುತ್ತಿದ್ದರು. ಮುಕ್ಕಾಲು ಗಂಟೆಯಾದ ಮೇಲೆ ಮೊದಲನೆಯ ಗಾಡಿ ಹೊರಟಿತು. ಮರುದಿನ ಒಂದು ಟ್ರಾಕ್ಟರಿನ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಒಂದು ಗಂಟೆ ಸುಮ್ಮನೆ ಓಡಿಸಿ, ಪುನಃ ತುಂಬಿಸಿ ಅಳೆದೆವು. ಒಂದು ಲೀಟರಿಗೆ ತುಸು ಹೆಚ್ಚೇ ಹಿಡಿಯಿತು.

ಇನ್ನು ಲೆಕ್ಕ ಸುಲಭ. ಆರು ಟ್ರಾಕ್ಟರು, ದಿನಕ್ಕೆ ಮುಕ್ಕಾಲು ಗಂಟೆ, 120 ದಿನಗಳ ಹಂಗಾಮು: ಒಟ್ಟು 540 ಗಂಟೆ. ಗಂಟೆಗೆ ಒಂದೇ ಲೀಟರ್ ಎಂದು ಹಿಡಿದರೂ 540 ಲೀಟರ್. ಲೀಟರಿಗೆ 90 ರೂ.ನಂತೆ 48,600 ರೂ. ಡೀಸೆಲ್ ಈವರೆಗೂ ಜಿಎಸ್‌ಟಿ ವ್ಯಾಪ್ತಿಯ ಹೊರಗೇ ಇರುವುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ಜಮೆ ದೊರೆಯುವುದಿಲ್ಲ. ಪೋಲಾದ ಪ್ರತಿ ಲೀಟರೂ ಪೂರ್ಣ ವೆಚ್ಚವೇ. ಇದಲ್ಲದೆ ಪ್ರತಿ ಟ್ರಾಕ್ಟರಿಗೆ 90 ಗಂಟೆಗಳ ಅನುತ್ಪಾದಕ ಓಟ. ಎಂಜಿನ್ ಆಯಿಲನ್ನು 250 ಗಂಟೆಗೊಮ್ಮೆ ಬದಲಿಸುವ ರೂಢಿಯಿರುವಲ್ಲಿ ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಹಳೆಯ ಯಾಂತ್ರಿಕ ಗಂಟೆ-ಮಾಪಕಗಳು ಎಂಜಿನ್ನಿನ ವೇಗಕ್ಕೆ ಅನುಗುಣವಾಗಿ ಎಣಿಸುವುದರಿಂದ, ನಿಂತಲ್ಲೇ ಓಡಿದ ಗಂಟೆ ಅದರಲ್ಲಿ ಪೂರ್ಣವಾಗಿ ದಾಖಲಾಗುವುದೂ ಇಲ್ಲ. ಈ ಅಂಕಿಗಳನ್ನು ಮುಂದಿಟ್ಟು, ಚಾಲನೆ ಮಾಡಿದ ಕೂಡಲೇ ಗಾಡಿ ಹೊರಡತಕ್ಕದ್ದೆಂದು ಕಟ್ಟಪ್ಪಣೆ ಮಾಡುವಂತೆ ಮಾಲೀಕರಿಗೆ ಸೂಚಿಸಿದೆ. ಅವರೂ ಹಾಗೆಯೇ ಮಾಡಿದರು.

ಮೂರು ವಾರ ಕಳೆಯಿತು. ರಾತ್ರಿಯೇ ಕಬ್ಬು ಹೇರಿ ನಿಲ್ಲಿಸಿದ್ದ ಎರಡು ಟ್ರೇಲರುಗಳನ್ನು ಎಳೆದುಕೊಂಡು, ಎಂಜಿನ್ ಚಾಲೂ ಆದ ಅರ್ಧ ನಿಮಿಷದಲ್ಲೇ ಏರು ಹತ್ತಿದ ಒಂದು ಟ್ರಾಕ್ಟರಿನ ಟರ್ಬೋಚಾರ್ಜರ್ ಹಿಡಿದುಕೊಂಡಿತು. ದುರಸ್ತಿಗೆ 21,000 ರೂ.; ನಾಲ್ಕು ದಿನಗಳ ಸಾಗಣೆ ನಷ್ಟ ಬೇರೆ. ಆ ಮೂರು ವಾರಗಳಲ್ಲಿ ಉಳಿದ ಡೀಸೆಲ್ಲಿನ ಬೆಲೆ ಸುಮಾರು 8,500 ರೂ. ನನ್ನ ಅಂಕಿಗಳಲ್ಲಿ ತಪ್ಪಿರಲಿಲ್ಲ. ಎಂಜಿನ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

ತರುವಾಯ ಮೆಕ್ಯಾನಿಕರಿಂದಲೂ ಓದಿನಿಂದಲೂ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಹದಿನೇಳು-ಹದಿನೆಂಟನೆಯ ಒಂದು ಭಾಗಕ್ಕೆ ಒತ್ತಿದಾಗ ಉಂಟಾಗುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಒಳಬರುವ ಗಾಳಿಯೂ ತಣ್ಣಗೆ, ಸಿಲಿಂಡರಿನ ಗೋಡೆಯೂ ತಣ್ಣಗೆ. ಹುಟ್ಟಿದ ಶಾಖವನ್ನು ಕಬ್ಬಿಣವೇ ಹೀರಿಕೊಳ್ಳುತ್ತದೆ. ಅರೆಬರೆ ಉರಿದು ಆವಿಯಾಗಿ ಹೊರಬೀಳುವ ಇಂಧನವೇ ನಾನು ಕಂಡ ಬಿಳಿ ಹೊಗೆ. ಇದೇ ಹೊತ್ತಿನಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿಯ ಶಕ್ತಿ ಕುಂದಿರುತ್ತದೆ. ಹೆಚ್ಚು ಬಲ ಬೇಕಾದಾಗಲೇ ಬಲ ಕಡಿಮೆ.

ಹಾಗಾದರೆ ಮುಕ್ಕಾಲು ಗಂಟೆ ನಿಂತಲ್ಲೇ ಓಡಿಸುವುದು ಸರಿಯೇ? ಅದೂ ಅಲ್ಲ. ಡೀಸೆಲ್ ಎಂಜಿನ್ ಭಾರವಿಲ್ಲದೆ ನಿಧಾನವಾಗಿ ಓಡುವಾಗ ಗಾಳಿಯನ್ನು ಪೂರ್ತಿ ಎಳೆದುಕೊಳ್ಳುತ್ತದೆ, ಇಂಧನವನ್ನು ಮಾತ್ರ ಅತ್ಯಲ್ಪ ಉರಿಸುತ್ತದೆ. ಆದ್ದರಿಂದ ಅದು ಬೆಚ್ಚಗಾಗುವುದೇ ಬಹು ನಿಧಾನ. ಅಷ್ಟು ಹೊತ್ತೂ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಮಾಲೀಕರು ಸಂತೋಷಪಡಬೇಕಾದುದೇನೂ ಇಲ್ಲ. ಇಂಜೆಕ್ಟರ್, ಸೈಲೆನ್ಸರುಗಳಲ್ಲಿ ಮಸಿ ಕಟ್ಟುತ್ತದೆ. 50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಮಾನಕ ಜಾರಿಯಾಗಿದ್ದು, ಹೊಗೆಯ ಮಸಿ ಹಿಡಿಯುವ ಸೋಸುಕವುಳ್ಳ ಯಂತ್ರಗಳಲ್ಲಿ ಈ ಅಭ್ಯಾಸವು ಇನ್ನೂ ದುಬಾರಿಯಾಗುತ್ತದೆ.

ಸರಿಯಾದ ಕ್ರಮ ಇವೆರಡರ ನಡುವೆ ಇದೆ. ಚಾಲನೆಯಾದ ಮೇಲೆ ಮೂರರಿಂದ ಐದು ನಿಮಿಷ, ಎಕ್ಸಲರೇಟರನ್ನು ಜೋರಾಗಿ ಒತ್ತದೆ ಬಿಡಬೇಕು. ಅಷ್ಟರಲ್ಲಿ ಎಣ್ಣೆಯ ಒತ್ತಡ ಸ್ಥಿರಗೊಂಡು ಟರ್ಬೋದ ಬೇರಿಂಗಿನವರೆಗೂ ಎಣ್ಣೆ ತಲಪಿರುತ್ತದೆ. ಬಳಿಕ ಹಗುರ ಭಾರದೊಂದಿಗೆ, ಮಧ್ಯಮ ವೇಗದಲ್ಲಿ ಗಾಡಿಯನ್ನು ನಡೆಸಬೇಕು. ಉಷ್ಣಾಂಶದ ಮುಳ್ಳು ಹಸಿರು ಪಟ್ಟಿಗೆ ಬಂದ ನಂತರವೇ ಪೂರ್ಣ ಭಾರ. ಎಂಜಿನ್ ಬೆಚ್ಚಗಾಗುವುದು ಕೆಲಸ ಮಾಡುವುದರಿಂದಲೇ. ಬಹುತೇಕ ಟ್ರಾಕ್ಟರುಗಳಲ್ಲಿ ಗೇರುಪೆಟ್ಟಿಗೆಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆಯಿರುವುದರಿಂದ ಅದಕ್ಕೂ ಈ ಸಾವಕಾಶ ಬೇಕು. ಸಂಜೆ ಹಿಂದಿರುಗಿದಾಗಲೂ ಆರಿಸುವ ಮುನ್ನ ಎರಡು-ಮೂರು ನಿಮಿಷ ನಿಧಾನ ಓಟದಲ್ಲಿ ಬಿಡುವುದು ಟರ್ಬೋದ ದೃಷ್ಟಿಯಿಂದ ಅವಶ್ಯ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಚಾಲಕರು ಮುಕ್ಕಾಲು ಗಂಟೆ ಏಕೆ ತೆಗೆದುಕೊಳ್ಳುತ್ತಿದ್ದರು? ಸೋಮಾರಿತನವೆಂದು ನಾನು ಭಾವಿಸಿದ್ದೆ. ಇಪ್ಪತ್ತು ವರ್ಷಗಳಿಂದ ಅಲ್ಲಿರುವ ಹಿರಿಯ ಚಾಲಕರೊಬ್ಬರು, ನಾನು ಕೇಳಿದ ಮೇಲೆ, ಬಾನೆಟ್ ಎತ್ತಿ ತೋರಿಸಿದರು. ಎರಡು ಗಾಡಿಗಳ ಬ್ಯಾಟರಿಗೆ ನಾಲ್ಕು ವರ್ಷ ಮೀರಿತ್ತು, ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಇನ್ನೊಂದರಲ್ಲಿ ಒಳಬರುವ ಗಾಳಿಯನ್ನು ಬಿಸಿಮಾಡುವ ಸಾಧನ ಕೆಟ್ಟು ಎರಡು ಹಂಗಾಮುಗಳಾಗಿದ್ದವು. ಅದಕ್ಕೆ ಬದಲಾಗಿ ಗಾಳಿ ಸೋಸುಕದ ಬಾಯಿಗೆ ಉರಿಯುವ ಬಟ್ಟೆ ಹಿಡಿಯುತ್ತಿದ್ದರು. ಒಮ್ಮೆ ಚಾಲೂ ಆಗಿ ನಿಂತರೆ ಮತ್ತೆ ಚಾಲೂ ಆಗುವ ಭರವಸೆಯಿಲ್ಲ. ಚಾಲೂ ಆಗದ ಗಾಡಿಯನ್ನು ಎಳೆಯಲು ಇನ್ನೊಂದು ಗಾಡಿ ಓಡುತ್ತಿರಬೇಕು. ಆದ್ದರಿಂದ ಬೇಗ ಎದ್ದು, ಒಂದೊಂದನ್ನೇ ಎಬ್ಬಿಸಿ, ಎಲ್ಲವೂ ಎದ್ದ ಮೇಲೆ ಹೊರಡುವುದು ಅವರ ಪದ್ಧತಿಯಾಗಿತ್ತು.

ಪುಸ್ತಕ ತೆರೆದು ನೋಡಿದೆ. ಹಿಂದಿನ ಸಾಲಿನಲ್ಲಿ ಬ್ಯಾಟರಿಗಳ ಖರೀದಿಯ ಪ್ರಸ್ತಾಪವಿದ್ದು, ಕೈಯಲ್ಲಿ ನಗದು ಕಡಿಮೆಯಿದ್ದ ಕಾರಣ ಮುಂದೂಡಲಾಗಿತ್ತು. ಮುಂದೂಡಬಹುದೆಂದು ಸೂಚಿಸಿದವನು ನಾನೇ. ದುರಸ್ತಿ ಶೀರ್ಷಿಕೆಯಲ್ಲಿ ಉಳಿಸಿದ ಹಣವು ಇಂಧನ ಶೀರ್ಷಿಕೆಯಲ್ಲಿ ಖರ್ಚಾಗುತ್ತಿತ್ತು. ಇಂಧನದಲ್ಲಿ ಅದನ್ನು ತಡೆದಾಗ ಟರ್ಬೋಚಾರ್ಜರಿನಲ್ಲಿ ಹೊರಬಂದಿತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಬಿಸಿಲುನಾಡಿನ ಹಲವು ವರ್ಕ್‌ಶಾಪುಗಳಲ್ಲಿ ಎಂಜಿನ್ ಬಿಸಿಯಾಗುತ್ತದೆಂದು ದೂರಿದ ಕೂಡಲೇ ಥರ್ಮೋಸ್ಟಾಟನ್ನು ಕಿತ್ತು ಎಸೆಯುವ ರೂಢಿಯಿದೆ. ಎಂಜಿನ್ ಸುಮಾರು 80 ಡಿಗ್ರಿ ತಲಪುವವರೆಗೂ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವುದೇ ಅದರ ಕೆಲಸ. ಅದಿಲ್ಲದ ಎಂಜಿನ್ ಚಳಿಗಾಲದ ಬೆಳಗಿನಲ್ಲಿ ಬೇಗ ಬೆಚ್ಚಗಾಗುವುದೇ ಇಲ್ಲ. ಸದರಿ ಆರರಲ್ಲಿ ಮೂರಕ್ಕೆ ಥರ್ಮೋಸ್ಟಾಟ್ ಇರಲಿಲ್ಲ. ಅದರ ಬೆಲೆ ಕೆಲವೇ ನೂರು ರೂಪಾಯಿ.

ಇಂಧನದ ಬಗ್ಗೆಯೂ ಎರಡು ಮಾತು. ಅತಿ ಚಳಿಯಲ್ಲಿ ಡೀಸೆಲ್ಲಿನೊಳಗಿನ ಮೇಣದ ಅಂಶ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ನಮ್ಮ ಭಾಗದಲ್ಲಿ ಆ ಭಯವಿಲ್ಲ. ಉತ್ತರಕ್ಕೆ ಲಾರಿ ಕಳುಹಿಸುವ ಸದಸ್ಯರು ಮಾತ್ರ ಇದನ್ನು ಅರಿತಿರಬೇಕು. ಲಡಾಖಿಗಾಗಿಯೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಬಿಡುಗಡೆ ಮಾಡಿತು. ನಮ್ಮಲ್ಲಿ ತೊಂದರೆ ಕೊಡುವುದು ಮೇಣವಲ್ಲ, ನೀರು. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವ ರಾತ್ರಿ ಹನಿಗಟ್ಟುತ್ತದೆ. ಬೆಳಿಗ್ಗೆಗೆ ಬದಲು ಸಂಜೆಯೇ ಟ್ಯಾಂಕ್ ತುಂಬಿಸುವುದರಿಂದ ಇದು ತಗ್ಗುತ್ತದೆ. ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ.

ಸಣ್ಣ ಕೈಗಾರಿಕೆ ನಡೆಸುವ ಸದಸ್ಯರಿಗೆ ಟ್ರಾಕ್ಟರಿನ ಈ ಕಥೆ ಅನ್ಯವೆನಿಸಬಹುದು. ತಮ್ಮ ಜನರೇಟರನ್ನು ವಾರಕ್ಕೊಮ್ಮೆ ಭಾರವಿಲ್ಲದೆ ಅರ್ಧ ಗಂಟೆ ಓಡಿಸಿ, ಪರೀಕ್ಷೆ ಮುಗಿಯಿತೆಂದು ರಿಜಿಸ್ಟರಿನಲ್ಲಿ ರುಜು ಮಾಡುವವರು ಎಷ್ಟೋ ಮಂದಿಯಿದ್ದಾರೆ. ಅಲ್ಲಿಯೂ ಇದೇ ಮಸಿ, ಇದೇ ಎಣ್ಣೆಯ ಕಲಬೆರಕೆ. ಸಾಮರ್ಥ್ಯದ ಮೂರನೆಯ ಒಂದು ಭಾಗದಷ್ಟಾದರೂ ಭಾರ ಹಾಕಿ ಪರೀಕ್ಷಿಸುವುದು ಒಳ್ಳೆಯದು.

ಕಕ್ಷಿದಾರರು ಆ ಹಂಗಾಮು ಮುಗಿಯುವುದರೊಳಗೆ ಎರಡು ಬ್ಯಾಟರಿ, ಮೂರು ಥರ್ಮೋಸ್ಟಾಟ್, ಒಂದು ಗಾಳಿ ಬಿಸಿಮಾಡುವ ಸಾಧನ ಖರೀದಿಸಿದರು. ಲಾಗ್ ಪುಸ್ತಕದಲ್ಲಿ ಚಾಲನೆಯ ವೇಳೆ, ಹೊರಟ ವೇಳೆ ಎಂಬ ಎರಡು ಅಂಕಣಗಳನ್ನು ಸೇರಿಸಲಾಯಿತು. ಅವುಗಳನ್ನು ತುಂಬುವ ಹೊಣೆ ಆ ಹಿರಿಯ ಚಾಲಕರದ್ದು. ಕಳೆದ ಹಂಗಾಮಿನ ಪುಟಗಳಲ್ಲಿ ಎರಡೂ ವೇಳೆಗಳ ಅಂತರ ಬಹುತೇಕ ಎಂಟು-ಹತ್ತು ನಿಮಿಷವಿದೆ. ಸಂಕ್ರಾಂತಿಯ ಹಿಂದುಮುಂದಿನ ಕೆಲವು ದಿನ ಹದಿನೈದು ಎಂದು ಬರೆದಿದ್ದಾರೆ. ಅದನ್ನು ನಾನು ಪ್ರಶ್ನಿಸಿಲ್ಲ.