ಮಣಿಕಟ್ಟಿನ ಅಂಕಿಗಳು: ಫಿಟ್‌ನೆಸ್ ಬ್ಯಾಂಡ್ ಕೊಳ್ಳುವ ಮುನ್ನ

ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್‌ವಾಚ್, ಸ್ಮಾರ್ಟ್ ಉಂಗುರಗಳ ಆಕಾರ, ಬೆಲೆ ಏನೇ ಇರಲಿ, ಒಳಗೆ ದುಡಿಯುವ ಮುಖ್ಯ ಸಂವೇದಕಗಳು ಎರಡೇ. ಒಂದು, ಚಲನೆಯನ್ನು ಗುರುತಿಸುವ ಆಕ್ಸೆಲೆರೊಮೀಟರ್. ಇನ್ನೊಂದು, ಚರ್ಮದಡಿಯ ರಕ್ತದ ಏರಿಳಿತವನ್ನು ಬೆಳಕಿನ ಮೂಲಕ ಹಿಡಿಯುವ ಸಂವೇದಕ. ಬೆಲೆ ಹೆಚ್ಚಿದಂತೆ ಜಿಪಿಎಸ್, ಚರ್ಮದ ತಾಪಮಾನದ ಮಾಪಕ, ಇಸಿಜಿ ತೆಗೆಯುವ ಲೋಹದ ಪಟ್ಟಿ ಆ ಎರಡರ ಜೊತೆ ಸೇರುತ್ತವೆ. ಹೆಜ್ಜೆ, ನಾಡಿ, ಕ್ಯಾಲೊರಿ, ನಿದ್ದೆ, ಒತ್ತಡ, ಚೇತರಿಕೆ ಎಂದು ಪರದೆಯ ಮೇಲೆ ಮೂಡುವ ಹತ್ತಾರು ಅಂಕಿಗಳಲ್ಲಿ ಬಹುಪಾಲು ಹುಟ್ಟುವುದು ಆ ಎರಡು ಸಂವೇದಕಗಳಿಂದಲೇ. ಅವುಗಳಲ್ಲಿ ಕೆಲವು ಮಾತ್ರ ಅಳತೆ, ಉಳಿದವು ಅಳತೆಯ ಮೇಲೆ ಕಟ್ಟಿದ ಅಂದಾಜು. ಯಾವುದು ಅಳತೆ, ಯಾವುದು ಅಂದಾಜು ಎಂಬುದು ತಿಳಿದರೆ ಎಷ್ಟು ಹಣ ತೆರಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಆಕ್ಸೆಲೆರೊಮೀಟರ್ ಕೆಲವೇ ಮಿಲಿಮೀಟರ್ ಅಗಲದ ಸಿಲಿಕಾನ್ ಚಿಪ್. ಅದರೊಳಗೆ ಸೂಕ್ಷ್ಮವಾದ ಸಿಲಿಕಾನ್ ತುಣುಕೊಂದು ತೆಳು ಸ್ಪ್ರಿಂಗ್‌ಗಳ ಆಸರೆಯಲ್ಲಿ ತೂಗುತ್ತಿರುತ್ತದೆ. ತುಣುಕಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಎಳೆಗಳಿದ್ದು, ಎದುರಿನ ಸ್ಥಿರ ಎಳೆಗಳ ನಡುವೆ ತಾಗದಂತೆ ನಿಂತಿರುತ್ತವೆ. ಕೈ ಬೀಸಿದಾಗ ತುಣುಕು ತುಸು ಸರಿಯುತ್ತದೆ, ಎಳೆಗಳ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ವಿದ್ಯುತ್ ಧಾರಕತೆಯೂ ಏರಿಳಿಯುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ, ಮೂರು ದಿಕ್ಕುಗಳಲ್ಲಿ ಈ ಏರಿಳಿತ ದಾಖಲಾಗುತ್ತದೆ. ಚುರುಕು ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100ರಿಂದ 120 ಹೆಜ್ಜೆ ಬೀಳುತ್ತದೆ. ದಾಖಲೆಯಲ್ಲಿ ಆ ಲಯ ಸಿಕ್ಕಿದರೆ ಸಾಧನ ಅದನ್ನು ನಡಿಗೆ ಎಂದು ಎಣಿಸುತ್ತದೆ.

ಅಂದರೆ ಅದು ಎಣಿಸುವುದು ಕಾಲಿನ ಹೆಜ್ಜೆಯನ್ನಲ್ಲ, ಕೈಯ ಲಯವನ್ನು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದರೆ, ಮಗುವಿನ ಗಾಡಿ ತಳ್ಳುತ್ತ ಹೋದರೆ, ಟ್ರೆಡ್‌ಮಿಲ್ಲಿನ ಹಿಡಿಕೆ ಬಿಡದೆ ನಡೆದರೆ ಎಣಿಕೆ ಕುಸಿಯುತ್ತದೆ. ಚಪಾತಿ ಲಟ್ಟಿಸುವಾಗಲೋ ಭಜನೆಗೆ ತಾಳ ಹಾಕುವಾಗಲೋ ನಡೆಯದ ಹೆಜ್ಜೆ ಸೇರಿಕೊಳ್ಳಬಹುದು. ಸಮತಟ್ಟಾದ ಹಾದಿಯಲ್ಲಿ ಕೈ ಬೀಸಿ ನಡೆಯುವವರ ಮಟ್ಟಿಗೆ ಅಗ್ಗದ ಬ್ಯಾಂಡ್ ಕೂಡ ಸಾಕಷ್ಟು ಸರಿಯಾಗಿಯೇ ಎಣಿಸುತ್ತದೆ. ಪರೀಕ್ಷಿಸುವುದು ಸುಲಭ: ಬಾಯಲ್ಲಿ ಎಣಿಸುತ್ತ 200 ಹೆಜ್ಜೆ ನಡೆದು ಪರದೆ ನೋಡಬೇಕು. ಹತ್ತು ಹೆಜ್ಜೆಯೊಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂದು ಬಹಳಷ್ಟು ಸಾಧನಗಳು ಕಾರ್ಖಾನೆಯಿಂದಲೇ ಹೊತ್ತು ತರುವ ಗುರಿಗೆ ವೈದ್ಯಕೀಯ ಮೂಲವಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮಾಪಕವನ್ನು ಮಾರುಕಟ್ಟೆಗೆ ತಂದಾಗ ಅದರ ಹೆಸರಿನಲ್ಲೇ ಆ ಸಂಖ್ಯೆಯನ್ನು ಸೇರಿಸಿತು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಅವರು ಗಮನಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇಕಡಾ 41 ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚುತ್ತ ಹೋಗಿ, ಸುಮಾರು 7,500ರ ಹೊತ್ತಿಗೆ ಸಮತಟ್ಟಾಯಿತು. ಮೊಣಕಾಲು ನೋವಿರುವ ಹಿರಿಯರು 10,000 ಮುಟ್ಟಲಾಗದೆ ಕೊರಗುವ ಅಗತ್ಯವಿಲ್ಲ. ಗುರಿಯನ್ನು ಬದಲಿಸಲು ಬರುವ ಬ್ಯಾಂಡ್ ಕೊಂಡರಾಯಿತು.

ನಾಡಿಯ ಅಳತೆ ಇನ್ನೂ ಕುತೂಹಲದ ವಿಷಯ. ಬ್ಯಾಂಡನ್ನು ಮಗುಚಿ ಹಿಡಿದರೆ ಅಡಿಯಲ್ಲಿ ಹಸಿರು ದೀಪಗಳು ಮಿನುಗುವುದು ಕಾಣುತ್ತದೆ. ಅವುಗಳ ಪಕ್ಕದ ಕಪ್ಪು ಚೌಕವೇ ಬೆಳಕನ್ನು ಹಿಡಿಯುವ ಫೋಟೊಡಯೋಡ್. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿಯ ಕಿರುನಾಳಗಳು ತುಂಬಿಕೊಂಡು ಹೆಚ್ಚು ಬೆಳಕು ಹೀರಲ್ಪಡುತ್ತದೆ, ಹಿಂದಿರುಗುವ ಬೆಳಕು ಒಂದು ಕ್ಷಣ ಮಂದವಾಗುತ್ತದೆ. ಮರುಬಡಿತಕ್ಕೆ ಮತ್ತೆ ಮಂದ. ಈ ಮಂದಗಳ ನಡುವಿನ ಕಾಲವನ್ನು ಎಣಿಸಿ ನಾಡಿ ದರ ಹೇಳಲಾಗುತ್ತದೆ. ತೊಡಕಿರುವುದು ಬೇರೆಡೆ. ಬಡಿತದಿಂದಾಗುವ ಬದಲಾವಣೆ ತೀರಾ ಅಲ್ಪ, ಕೈ ಅಲುಗಾಟದಿಂದಾಗುವ ಬದಲಾವಣೆ ಅದಕ್ಕಿಂತ ಬಹಳ ದೊಡ್ಡದು. ಸುಮ್ಮನೆ ಕೂತಾಗ, ಮಲಗಿದಾಗ ಬರುವ ಅಂಕಿ ವಿಶ್ವಾಸಾರ್ಹ. ಓಡುವಾಗ, ಡಂಬೆಲ್ ಎತ್ತುವಾಗ, ಶಟಲ್ ಆಡುವಾಗ ಅದು ಹಾದಿ ತಪ್ಪುತ್ತದೆ. ಕೆಲವೊಮ್ಮೆ ಸಾಧನ ಓಟದ ಹೆಜ್ಜೆಯ ಲಯವನ್ನೇ ನಾಡಿಯೆಂದು ತಿಳಿಯುವುದೂ ಉಂಟು. ಓಡುವಾಗ ಹೆಜ್ಜೆಯೂ ನಾಡಿಯೂ ನಿಮಿಷಕ್ಕೆ 160ರ ಆಸುಪಾಸಿನಲ್ಲಿರುವುದರಿಂದ ಆ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ.

ಈ ಅಳತೆಯನ್ನು ಸುಧಾರಿಸುವ ಉಪಾಯ ಬೆಲೆಯಲ್ಲಿಲ್ಲ, ಧರಿಸುವ ರೀತಿಯಲ್ಲಿದೆ. ಮಣಿಕಟ್ಟಿನ ಮೂಳೆಯ ಮೇಲಲ್ಲ, ಅದರಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ, ಗುರುತು ಮೂಡದಷ್ಟು ಸಡಿಲವಾಗಿ ಕಟ್ಟಬೇಕು. ಬಳೆ ತೊಡುವವರು ಬ್ಯಾಂಡ್‌ಗೂ ಬಳೆಗೂ ನಡುವೆ ಜಾಗ ಬಿಡಬೇಕು, ಇಲ್ಲವಾದರೆ ಬ್ಯಾಂಡ್ ಸರಿಯುತ್ತಲೇ ಇರುತ್ತದೆ. ಹಚ್ಚೆ ಇರುವ ಚರ್ಮದ ಮೇಲೆ ಶಾಯಿಯೇ ಬೆಳಕು ಹೀರಿ ಅಂಕಿ ಕೆಡುತ್ತದೆ. ಹೊಸ ಬ್ಯಾಂಡ್ ತಂದವರು ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳ ಬುಡದ ನಾಡಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಮೂವತ್ತು ಸೆಕೆಂಡಿನ ಬಡಿತ ಎಣಿಸಿ ದುಪ್ಪಟ್ಟು ಮಾಡಿ ಪರದೆಯೊಂದಿಗೆ ಹೋಲಿಸಲಿ. ವ್ಯಾಯಾಮದ ನಡುವೆ ನಿಖರ ನಾಡಿ ಬೇಕೇ ಬೇಕು ಎನ್ನುವ ಓಟಗಾರರಿಗೆ, ಸೈಕಲ್ ಸವಾರರಿಗೆ ಎದೆಪಟ್ಟಿಯೇ ತಕ್ಕದ್ದು. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲೇ ತಂದ ಈ ಸಾಧನ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಬೆಳಕನ್ನು ನೆಚ್ಚುವುದಿಲ್ಲ.

ಇಡೀ ಸಾಧನದಲ್ಲಿ ಸದ್ದಿಲ್ಲದೆ ಉಪಕಾರ ಮಾಡುವ ಅಂಕಿಯೆಂದರೆ ವಿಶ್ರಾಂತ ನಾಡಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ನಿಯಮಿತವಾಗಿ ಓಡುವವರಲ್ಲಿ ಇನ್ನೂ ಕಡಿಮೆ. ಕೆಲವು ತಿಂಗಳು ತಪ್ಪದೆ ನಡೆದರೆ ಅದು ನಿಧಾನವಾಗಿ ಇಳಿಯುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ಮದ್ಯ ಸೇವಿಸಿದ ರಾತ್ರಿ ಏರುತ್ತದೆ. ಒಂದು ದಿನದ ಅಂಕಿಗಿಂತ ತಿಂಗಳುಗಳ ಗತಿಯೇ ಮುಖ್ಯ. ವ್ಯಾಯಾಮದ ಹಂತಗಳನ್ನು ತೋರಿಸಲು ಬಹಳಷ್ಟು ಆ್ಯಪ್‌ಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿಯನ್ನು ಲೆಕ್ಕ ಹಾಕುತ್ತವೆ. ಇದು ಜನಸಮೂಹದ ಸರಾಸರಿ, ವ್ಯಕ್ತಿಯ ಅಳತೆಯಲ್ಲ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹದಿನೈದು ಬಡಿತದ ವ್ಯತ್ಯಾಸ ಸಹಜ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರ ನಾಡಿ ಎಷ್ಟು ಶ್ರಮಪಟ್ಟರೂ ಅಷ್ಟು ಏರದು. ಅವರು ಪರದೆಯ ಹಂತವನ್ನು ಬೆನ್ನಟ್ಟಿದರೆ ಅಪಾಯ. ಪರದೆಯ ಬದಲು ಉಸಿರನ್ನು ಗಮನಿಸಬೇಕು: ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ಏದುಸಿರಿದ್ದರೆ ಅದೇ ಮಧ್ಯಮ ಶ್ರಮ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಹೇಳಿದ್ದು ಅಂಥ ಶ್ರಮ ವಾರಕ್ಕೆ 150ರಿಂದ 300 ನಿಮಿಷ.

ಕ್ಯಾಲೊರಿ ಅಂಕಿಯನ್ನು ಮಾತ್ರ ನಂಬದಿರುವುದೇ ಲೇಸು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಏಳು ಸಾಧನಗಳನ್ನು 60 ಮಂದಿಗೆ ತೊಡಿಸಿ, ಉಸಿರಿನ ಆಮ್ಲಜನಕವನ್ನು ಅಳೆಯುವ ಪ್ರಯೋಗಾಲಯದ ಉಪಕರಣದೊಂದಿಗೆ ಹೋಲಿಸಿತು. ಏಳರಲ್ಲಿ ಆರು ಸಾಧನಗಳು ನಾಡಿಯನ್ನು ಶೇಕಡಾ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಉತ್ತಮವಾದ ಸಾಧನದ ತಪ್ಪೇ ಶೇಕಡಾ 27, ಕೊನೆಯದರದ್ದು ಶೇಕಡಾ 93. ಎರಡು ಹೋಳಿಗೆ ತಿಂದು, ಬ್ಯಾಂಡ್ ತೋರಿಸಿದಷ್ಟು ನಡೆದು ಲೆಕ್ಕ ತೀರಿತೆಂದು ಭಾವಿಸುವವರು ಮೋಸಹೋಗುತ್ತಾರೆ. ತೂಕ ಇಳಿಸಲೆಂದೇ ಬ್ಯಾಂಡ್ ಕೊಳ್ಳುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗದಲ್ಲಿ ಆಹಾರ ಮತ್ತು ವ್ಯಾಯಾಮದ ಸಲಹೆಯ ಜೊತೆ ಸಾಧನವನ್ನೂ ತೊಟ್ಟವರು ಸರಾಸರಿ 3.5 ಕಿಲೊ ಇಳಿದರೆ, ಸಾಧನವಿಲ್ಲದೆ ಸಲಹೆ ಪಾಲಿಸಿದವರು 5.9 ಕಿಲೊ ಇಳಿದಿದ್ದರು. ಆದರೆ ನಡಿಗೆಯ ವಿಷಯದಲ್ಲಿ ಸಾಧನದ ಪ್ರಯೋಜನ ನಿಜ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಕೊಂಡಂತೆ, ಧರಿಸಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ.

ನಿದ್ದೆಯ ಲೆಕ್ಕಕ್ಕೆ ಬಂದರೆ ಅಳತೆಗೂ ಅಂದಾಜಿಗೂ ಇರುವ ದೂರ ಇನ್ನೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳ ನಿದ್ರಾ ಪ್ರಯೋಗಾಲಯದಲ್ಲಿ ನಿದ್ದೆಯನ್ನು ಅಳೆಯುವ ಕ್ರಮವೇ ಬೇರೆ. ನೆತ್ತಿಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಮಿದುಳಿನ ಅಲೆಗಳನ್ನು, ಕಣ್ಣಿನ ಬದಿಯವು ಕಣ್ಣುಗುಡ್ಡೆಯ ಚಲನೆಯನ್ನು, ಗಲ್ಲದವು ಸ್ನಾಯುವಿನ ಬಿಗಿತವನ್ನು ರಾತ್ರಿಯಿಡೀ ಬರೆಯುತ್ತವೆ. ಉಸಿರಾಟ, ಆಮ್ಲಜನಕವೂ ದಾಖಲಾಗುತ್ತವೆ. ಕನಸಿನ ನಿದ್ದೆ, ಗಾಢ ನಿದ್ದೆ ಎಂಬ ಹಂತಗಳ ವ್ಯಾಖ್ಯಾನವೇ ಈ ಅಲೆಗಳನ್ನು ಆಧರಿಸಿದೆ. ಮಣಿಕಟ್ಟಿಗೆ ಮಿದುಳಿನ ಅಲೆ ತಲುಪುವುದಿಲ್ಲ. ಕೈ ಅಲುಗದಿರುವುದು, ನಾಡಿ ಇಳಿದಿರುವುದು, ಬಡಿತಗಳ ನಡುವಿನ ಅಂತರದ ಏರುಪೇರು ಇಷ್ಟನ್ನೇ ನೋಡಿ ಸಾಧನ ಹಂತಗಳನ್ನು ಊಹಿಸುತ್ತದೆ.

ನಿದ್ದೆ ಬಂದಿದೆ ಎಂಬುದನ್ನು ಗುರುತಿಸುವಲ್ಲಿ ಬಹುತೇಕ ಸಾಧನಗಳು ಗಟ್ಟಿ. ಎಚ್ಚರವನ್ನು ಗುರುತಿಸುವಲ್ಲಿ ದುರ್ಬಲ. ಚಾವಣಿ ನೋಡುತ್ತ ಅಲುಗದೆ ಮಲಗಿದವರಿಗೂ, ಹಾಸಿಗೆಯಲ್ಲಿ ಒರಗಿ ಪುಸ್ತಕ ಓದುವವರಿಗೂ ನಿದ್ದೆಯ ಲೆಕ್ಕ ಹಾಕಿಬಿಡುತ್ತವೆ. ಆದ್ದರಿಂದ ನಿದ್ರಾಹೀನತೆ ಇರುವವರಿಗೆ, ಅಂದರೆ ನಿಖರ ಲೆಕ್ಕ ಅತಿ ಅಗತ್ಯವಿರುವವರಿಗೇ, ಸಾಧನ ಹೆಚ್ಚು ತಪ್ಪುತ್ತದೆ. ಎಷ್ಟು ಹೊತ್ತಿಗೆ ಮಲಗಿದ್ದು, ಎಷ್ಟು ಹೊತ್ತಿಗೆ ಎದ್ದಿದ್ದು, ವಾರದಿಂದ ವಾರಕ್ಕೆ ಆ ಸಮಯ ಎಷ್ಟು ಹೊಯ್ದಾಡಿತು ಎಂಬುದು ಅದರಿಂದ ಸಿಗುವ ನಂಬಬಹುದಾದ ಮಾಹಿತಿ. ಗಾಢ ನಿದ್ದೆ 52 ನಿಮಿಷ ಎಂಬಂಥ ಅಂಕಿಗೆ ಹೆಚ್ಚು ಬೆಲೆ ಕೊಡಬಾರದು. ಅಂಕ ಕಡಿಮೆ ಬಂತೆಂಬ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಂಡ ರೋಗಿಗಳ ಬಗ್ಗೆ ಅಮೆರಿಕದ ಸಂಶೋಧಕರು 2017ರಲ್ಲಿ ವರದಿ ಮಾಡಿ, ಆ ಸ್ಥಿತಿಗೆ ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. ಬೆಳಿಗ್ಗೆ ಮನಸ್ಸು ಹಗುರಾಗಿದ್ದೂ ಪರದೆ ನೋಡಿ ಸಪ್ಪಗಾಗುವವರು ರಾತ್ರಿ ಅದನ್ನು ತೆಗೆದಿಡುವುದೇ ಮೇಲು. ಜೋರಾದ ಗೊರಕೆ, ನಿದ್ದೆಯ ನಡುವೆ ಉಸಿರು ಕಟ್ಟುವುದು, ಹಗಲಿಡೀ ತೂಕಡಿಕೆ ಇದ್ದರೆ ಬ್ಯಾಂಡಿನ ಅಂಕ ಎಷ್ಟೇ ಚೆನ್ನಾಗಿದ್ದರೂ ವೈದ್ಯರನ್ನು ಕಾಣಬೇಕು.

ಇತರ ವೈದ್ಯಕೀಯ ಅಂಕಿಗಳಲ್ಲಿ ಕೆಲವಕ್ಕೆ ಬೆಲೆಯಿದೆ. ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಪಾರ್ಶ್ವವಾಯುವಿಗೆ ದೊಡ್ಡ ಕಾರಣಗಳಲ್ಲೊಂದು. ನಾಡಿಯ ಅನಿಯತ ಲಯವನ್ನು ಕಂಡು ಎಚ್ಚರಿಸುವ ವಾಚುಗಳಿವೆ, ಬೆರಳಿಟ್ಟು ಇಸಿಜಿ ತೆಗೆಯುವವೂ ಇವೆ. ಕುಟುಂಬದಲ್ಲಿ ಹೃದ್ರೋಗವಿರುವ ಹಿರಿಯರಿಗೆ ಇದಕ್ಕಾಗಿ ಹೆಚ್ಚು ಹಣ ಕೊಡುವುದು ಸಮಂಜಸ. ಆದರೆ ವಾಚಿನ ಇಸಿಜಿ ಒಂದೇ ಕೋನದ್ದು, ಹೃದಯಾಘಾತವನ್ನು ಅದು ಹಿಡಿಯಲಾರದು. ರಕ್ತದ ಆಮ್ಲಜನಕದ ಅಂಕಿ ಚರ್ಮ ತಣ್ಣಗಿದ್ದಾಗ, ಪಟ್ಟಿ ಸಡಿಲವಿದ್ದಾಗ ಕೆಡುತ್ತದೆ. ಆಸ್ಪತ್ರೆಯ ಬೆರಳಿನ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚಾಗಿ ಕಾಣದೆ ಬಿಡುತ್ತದೆಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಸೂಜಿ ಚುಚ್ಚದೆ ಸಕ್ಕರೆ ಅಳೆಯುವುದಾಗಿ ಹೇಳುವ ವಾಚು, ಉಂಗುರಗಳನ್ನು ಮಧುಮೇಹಿಗಳು ಮುಟ್ಟಲೇಬಾರದು. ಅಂಥ ಯಾವುದಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಚುಚ್ಚಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಆಕಾರದ ಆಯ್ಕೆ ಬಳಕೆಯನ್ನು ಅವಲಂಬಿಸಿದೆ. ಬ್ಯಾಂಡ್ ಹಗುರ, ಒಮ್ಮೆ ಚಾರ್ಜ್ ಮಾಡಿದರೆ ಒಂದು ವಾರ ಅಥವಾ ಹೆಚ್ಚು ಬಾಳುತ್ತದೆ. ದೊಡ್ಡ ಪರದೆಯ ವಾಚುಗಳಲ್ಲಿ ಹಲವನ್ನು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕಾಗುತ್ತದೆ. ರಾತ್ರಿ ಚಾರ್ಜಿಗಿಟ್ಟ ವಾಚು ನಿದ್ದೆಯನ್ನು ಅಳೆಯದು. ಉಂಗುರ ನಿದ್ದೆಗೆ ಹಿತ, ಬೆರಳಿನಲ್ಲಿ ನಾಡಿಯ ಸಂಕೇತವೂ ಸ್ಪಷ್ಟ. ಫಿನ್ಲೆಂಡಿನ ಔರಾ, ಬೆಂಗಳೂರಿನ ಅಲ್ಟ್ರಾಹ್ಯೂಮನ್ ಇಂಥವನ್ನು ತಯಾರಿಸುತ್ತವೆ. ಭಾರ ಎತ್ತುವಾಗ ಮಾತ್ರ ಉಂಗುರ ಅಡ್ಡಿ, ಕೊಳ್ಳುವ ಮುನ್ನ ಬೆರಳಳತೆಯೂ ಸರಿಯಾಗಿರಬೇಕು. ಫೋನ್ ಒಯ್ಯದೆ ಓಡುವವರಿಗೆ ಒಳಗೇ ಜಿಪಿಎಸ್ ಇರಬೇಕು. ಕೆಲವು ಅಗ್ಗದ ಸಾಧನಗಳ ಡಬ್ಬಿಯ ಮೇಲಿನ ಜಿಪಿಎಸ್ ಎಂಬ ಮಾತಿನ ಅರ್ಥ ಫೋನಿನ ಜಿಪಿಎಸ್ ಬಳಸುತ್ತದೆ ಎಂದಷ್ಟೇ. ಈಜುವವರು ನೀರು ತಡೆಯುವ ಮಟ್ಟ ಹೇಳುವ 5 ಎಟಿಎಂ ಗುರುತು ನೋಡಲಿ, ಬಿಸಿನೀರು ಮತ್ತು ಸಾಬೂನನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಧನದಷ್ಟೇ ಮುಖ್ಯ ಅದರ ಆ್ಯಪ್. ಕೆಲವು ಕಂಪನಿಗಳು ವಿವರವಾದ ಮಾಹಿತಿಗೆ ತಿಂಗಳ ಚಂದಾ ಕೇಳುತ್ತವೆ, ಮೂರು ವರ್ಷದ ಚಂದಾವನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಮಾಹಿತಿಯನ್ನು ಇಳಿಸಿಕೊಳ್ಳಲು, ಖಾತೆಯನ್ನು ಪೂರ್ತಿ ಅಳಿಸಲು ಅವಕಾಶವಿದೆಯೇ ಎಂದೂ ನೋಡಬೇಕು. ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ಭೂಪಟದಲ್ಲಿ ಸೈನಿಕರ ಓಟದ ಹಾದಿಗಳಿಂದಲೇ ಸೇನಾ ನೆಲೆಗಳ ರೂಪರೇಖೆ 2018ರಲ್ಲಿ ಬಯಲಾಗಿತ್ತು. ಒಬ್ಬ ವ್ಯಕ್ತಿ ದಿನವೂ ಬೆಳಿಗ್ಗೆ ಯಾವ ಮನೆಯಿಂದ ಹೊರಟು ಯಾವ ಪಾರ್ಕಿಗೆ ಹೋಗುತ್ತಾನೆ ಎಂಬುದೂ ಹಾಗೆಯೇ ಬಯಲಾಗಬಹುದು. ಸ್ಥಳದ ಹಂಚಿಕೆಯನ್ನು ಮೊದಲ ದಿನವೇ ನಿಲ್ಲಿಸುವುದು ಒಳ್ಳೆಯದು.

ದಿನದ ನಡಿಗೆ ಮತ್ತು ಮಲಗುವ ಸಮಯದ ಮೇಲೆ ಕಣ್ಣಿಡಲು ಬಯಸುವವರಿಗೆ ಮೆತ್ತನೆಯ ಪಟ್ಟಿ, ವಾರದ ಬ್ಯಾಟರಿ, ಚಂದಾ ಕೇಳದ ಆ್ಯಪ್ ಇರುವ ಸಾದಾ ಬ್ಯಾಂಡ್ ಸಾಕು. ಅದಕ್ಕಿಂತ ಹೆಚ್ಚಿನ ಹಣ ಹಾಕುವುದು ಒಳಗಿನ ಜಿಪಿಎಸ್, ಎದೆಪಟ್ಟಿಯ ಜೋಡಣೆ ಅಥವಾ ಇಸಿಜಿ ಈ ಮೂರರಲ್ಲಿ ಒಂದು ನಿಜಕ್ಕೂ ಬೇಕಿರುವವರು ಮಾತ್ರ.