ಮೊಲದ ಹೊಟ್ಟೆ ಉಬ್ಬರಕ್ಕೆ ಓಂಕಾಳಿನ ನೀರು ಸಾಕೇ?

ಸಾಕಿದ ಮೊಲ ಮೂಲೆ ಹಿಡಿದು ಕೂತು, ಮುಂದಿಟ್ಟ ಸೊಪ್ಪನ್ನು ಮೂಸಿಯೂ ನೋಡದಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಅನ್ನುತ್ತಾರೆ: ‘ಗ್ಯಾಸ್ ಆಗಿರಬೇಕು, ಬೆಳಗ್ಗೆ ಹೊತ್ತಿಗೆ ಸರಿಹೋಗುತ್ತೆ ಬಿಡಿ.’ ಗ್ಯಾಸ್ ಆಗಿರುವುದು ಎಷ್ಟೋ ಸಲ ನಿಜ. ಬೆಳಗಿನವರೆಗೆ ಕಾಯುವುದೇ ಅಪಾಯ.

ನಾಯಿ ಒಂದು ಹೊತ್ತು ಉಪವಾಸವಿದ್ದರೆ ಏನೂ ಆಗದು. ಆದರೆ ಮೊಲದ ಕರುಳು ನಡೆಯಬೇಕಾದರೆ ನಾರು ಒಳಗೆ ಹೋಗುತ್ತಲೇ ಇರಬೇಕು. ತಿನ್ನುವುದು ನಿಂತರೆ ಕರುಳಿನ ಚಲನೆ ಕುಗ್ಗುತ್ತದೆ, ಒಳಗಿನದು ಒಣಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟು ಗಾಳಿ ತುಂಬುತ್ತದೆ. ನೋವಿಗೆ ಮೊಲ ತಿನ್ನಲು ಇನ್ನಷ್ಟು ಹಿಂಜರಿಯುತ್ತದೆ. ಪಶುವೈದ್ಯರು ಇದನ್ನು ಜಿಐ ಸ್ಟೇಸಿಸ್ ಎನ್ನುತ್ತಾರೆ. ಅಂದರೆ ಗ್ಯಾಸ್ ಸಾಮಾನ್ಯವಾಗಿ ಕಾಯಿಲೆಯ ಮೂಲವಲ್ಲ, ಕರುಳು ನಿಧಾನವಾದುದರ ಫಲ. ಮೂಲ ಬೇರೆಡೆ ಇರುತ್ತದೆ: ನಾರಿಲ್ಲದ ಆಹಾರ, ಉದ್ದ ಬೆಳೆದ ದವಡೆ ಹಲ್ಲು, ಬೇಸಿಗೆಯ ಸೆಕೆ, ಹೆದರಿಕೆ.

ಓಂಕಾಳಿನ ನೀರು ಇವ್ಯಾವುದನ್ನೂ ಸರಿಮಾಡದು. ಅಡುಗೆ ಸೋಡಾ ಕೊಡುವುದಂತೂ ಬೇಡವೇ ಬೇಡ. ಮೊಲಕ್ಕೆ ವಾಂತಿ ಮಾಡಲು ಬಾರದು. ಸೋಡಾದಿಂದ ಹುಟ್ಟುವ ಗಾಳಿ ಒಳಗೇ ಉಳಿಯುತ್ತದೆ. ಮಕ್ಕಳಿಗೆ ಕೊಡುವ ಸಿಮೆಥಿಕೋನ್ ಹನಿ ಗಾಳಿಗುಳ್ಳೆ ಒಡೆದೀತು, ಕರುಳನ್ನು ನಡೆಸದು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು.

‘ಕೂದಲು ನುಂಗಿ ಉಂಡೆ ಕಟ್ಟಿದೆ, ಅನಾನಸ್ ರಸ ಕುಡಿಸಿ’ ಎನ್ನುವವರೂ ಇದ್ದಾರೆ. ಮೈ ನೆಕ್ಕುವ ಮೊಲದ ಹೊಟ್ಟೆಯಲ್ಲಿ ಕೂದಲು ಇದ್ದೇ ಇರುತ್ತದೆ. ಕರುಳು ನಿಧಾನವಾಗಿ ನೀರು ಆರಿದಾಗ ಅದು ಗಟ್ಟಿಯಾಗುತ್ತದೆ. ಅನಾನಸಿನ ಕಿಣ್ವ ಕೂದಲನ್ನು ಕರಗಿಸದು, ರಸದ ಸಕ್ಕರೆ ಮಾತ್ರ ಗಾಳಿ ಹೆಚ್ಚಿಸುತ್ತದೆ. ಕ್ಯಾರೆಟ್ಟಿನ ಕಥೆಯೂ ಅದೇ. 1940ರ ದಶಕದಿಂದ ಬಗ್ಸ್ ಬನ್ನಿ ಕಾರ್ಟೂನು ಅದನ್ನು ಮೊಲದ ಊಟವೆಂದು ನಂಬಿಸಿಬಿಟ್ಟಿದೆ. ನಿಜಕ್ಕೆ ಅದು ಅಪರೂಪಕ್ಕೊಂದು ಚೂರು ಕೊಡುವ ಸಿಹಿತಿಂಡಿ. ಬಿಸ್ಕತ್ತು, ಬ್ರೆಡ್ಡಂತೂ ಕೊಡಲೇಬೇಡಿ. ಊಟದ ಬಹುಪಾಲು ಒಣಹುಲ್ಲಾಗಿರಬೇಕು; ಔಷಧಿ ಸಿಂಪಡಿಸದ ಗರಿಕೆ ಸಿಕ್ಕರೆ ಚೆನ್ನ. ‘ಮೊಲಕ್ಕೆ ನೀರು ಬೇಡ’ ಎಂಬುದೂ ಸುಳ್ಳು, ನೀರು ಸದಾ ಇರಬೇಕು.

ಹಿಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆರೋಗ್ಯವಂತ ಮೊಲದ ಹಿಕ್ಕೆ ಗುಂಡಗೆ, ಒಣಗಿದ್ದು, ಬೆರಳಲ್ಲಿ ಪುಡಿಮಾಡಿದರೆ ಹುಲ್ಲಿನ ಎಳೆ ಕಾಣುತ್ತದೆ. ಸಣ್ಣದಾಗಿ, ಗಟ್ಟಿಯಾಗಿ, ಕೂದಲಲ್ಲಿ ಪೋಣಿಸಿಕೊಂಡು ಬಂದರೆ ಕರುಳು ಕುಂಟುತ್ತಿದೆ ಎಂದರ್ಥ. ದ್ರಾಕ್ಷಿ ಗೊಂಚಲಿನಂತೆ ಮೆತ್ತಗೆ ಹೊಳೆಯುವ ಇನ್ನೊಂದು ಬಗೆಯಿದೆ. ಮೊಲ ಅದನ್ನು ನೇರ ಬಾಯಿಗೆ ಹಾಕಿಕೊಳ್ಳುತ್ತದೆ. ಅಸಹ್ಯವೆಂದು ಬಿಡಿಸಬೇಡಿ; ಅದರಲ್ಲಿ ಪ್ರೋಟೀನು, ಬಿ ವಿಟಮಿನ್ನು ಇರುತ್ತವೆ.

ಮೈ ಮುದುಡಿಕೊಂಡು ಕೂರುವುದು, ಹಲ್ಲು ಕಡಿಯುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು ನೋವಿನ ಲಕ್ಷಣ. 10–12 ಗಂಟೆ ಮೊಲ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು ಸ್ಥಿತಿ. ಹೊಟ್ಟೆ ಬಿಗಿದು ಉಬ್ಬಿ, ಕಿವಿ ತಣ್ಣಗಾಗಿದ್ದರೆ ಒಂದು ಗಂಟೆಯೂ ಕಾಯುವಂತಿಲ್ಲ. ಕರುಳಿನಲ್ಲಿ ಅಡೆತಡೆ ಇದ್ದೀತು, ಸಿರಿಂಜಿನಲ್ಲಿ ಏನನ್ನೂ ಊಡಿಸಬೇಡಿ. ಅನೇಕ ಕ್ಲಿನಿಕ್ಕುಗಳಲ್ಲಿ ನಾಯಿ, ಬೆಕ್ಕು ಬಿಟ್ಟರೆ ಮೊಲ ನೋಡಿ ರೂಢಿ ಇರುವುದಿಲ್ಲ. ಹಾಗಾಗಿ ಮೊಲ ಆರಾಮಾಗಿರುವಾಗಲೇ, ಅದಕ್ಕೆ ಚಿಕಿತ್ಸೆ ಕೊಡುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆಂದು ವಿಚಾರಿಸಿ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.