ದಪ್ಪ ಪಾದ, ಓರೆ ನಿಲುವು

ಇಂಗ್ಲಿಷ್ ಅಕ್ಷರದ ಗೆರೆ ಮುಗಿಯುವಲ್ಲಿ ಕಾಣುವ ಪುಟ್ಟ ಅಡ್ಡಪಟ್ಟಿಯೇ ಸೆರಿಫ್. ಪುಸ್ತಕಗಳ ಫಾಂಟಿನಲ್ಲಿ ಅದು ತೆಳು, ಚೂಪು. ಸ್ಲ್ಯಾಬ್ ಸೆರಿಫ್‌ನಲ್ಲಿ ಮಾತ್ರ ಹೆಚ್ಚುಕಡಿಮೆ ಅಕ್ಷರದ ಕಂಬದಷ್ಟೇ ದಪ್ಪ; ಅಕ್ಷರ ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಇನ್ನಷ್ಟು ದಪ್ಪಗಾಗಿಸಿ, ಬಲಕ್ಕೆ ಓರೆಯಾಗಿಸಿದರೆ ಬೋಲ್ಡ್ ಇಟಾಲಿಕ್ ಸ್ಲ್ಯಾಬ್. ಪಾದ ನಿಲ್ಲು ಎನ್ನುತ್ತದೆ, ಓರೆ ನಡೆ ಎನ್ನುತ್ತದೆ. ಈ ಜಗ್ಗಾಟವೇ ಅದರ ಸೊಗಸು.

ಎರಡು ಗುಣಗಳ ಹುಟ್ಟೂ ಬೇರೆ ಬೇರೆ. ಇಟಾಲಿಕ್ ಕೈಬರಹದ ಮಗು: 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೊರೆದ ಓರೆ ಅಚ್ಚುಮೊಳೆಗಳಲ್ಲಿ ಇಡೀ ಪುಸ್ತಕವನ್ನೇ ಮುದ್ರಿಸಿದ. ಸ್ಲ್ಯಾಬ್ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಆರಂಭದ ಲಂಡನ್ನಿನಲ್ಲಿ, ದಾರಿಹೋಕರ ಕಣ್ಣು ಸೆಳೆಯಬೇಕಿದ್ದ ಜಾಹೀರಾತುಗಳಿಗಾಗಿ. 1845ರಲ್ಲಿ ಅಲ್ಲಿಯೇ ಬಂದ ಕ್ಲಾರೆಂಡನ್ ಈ ವಂಶದ ಹೆಸರಾಂತ ಕುಡಿ.

ನೇರ ಅಕ್ಷರವನ್ನು ಕಂಪ್ಯೂಟರ್‌ನಲ್ಲಿ ಸುಮ್ಮನೆ ವಾಲಿಸಿದರೆ ಸಾಲದೇ? ಸಾಲದು, ಕಾರಣ ಜ್ಯಾಮಿತಿ. ಒಂದೇ ದಪ್ಪದ ಉಂಗುರದಂತಿರುವ ಇಂಗ್ಲಿಷ್ ‘O’ ಅಕ್ಷರವನ್ನು ಬಲಕ್ಕೆ ವಾಲಿಸಿ ನೋಡಿ: ಮೇಲಿನ ಬಲ ಮತ್ತು ಕೆಳಗಿನ ಎಡ ಮೂಲೆ ಉಬ್ಬುತ್ತವೆ, ಉಳಿದೆರಡು ಮೂಲೆ ಸೊರಗುತ್ತವೆ. ಕಂಬಗಳೂ ಕೊಂಚ ಸಪೂರವಾಗುತ್ತವೆ. ಅಡ್ಡಪಟ್ಟಿಯ ದಪ್ಪ ಮಾತ್ರ ಹಾಗೇ ಉಳಿಯುತ್ತದೆ. ಗೆರೆ ದಪ್ಪವಿದ್ದಷ್ಟೂ ಈ ಸೊಟ್ಟ ಎದ್ದು ಕಾಣುತ್ತದೆ. ಹಾಗಾಗಿ ವಿನ್ಯಾಸಕಾರರು ಪ್ರತಿ ತಿರುವನ್ನೂ ಕೈಯಾರೆ ತಿದ್ದುತ್ತಾರೆ. ತಿದ್ದುವ ಮಟ್ಟ ಫಾಂಟಿನಿಂದ ಫಾಂಟಿಗೆ ಬೇರೆ: 1934ರ ಸ್ಲ್ಯಾಬ್ ಫಾಂಟ್ ರಾಕ್‌ವೆಲ್‌ನ ಇಟಾಲಿಕ್ ಬಹುಮಟ್ಟಿಗೆ ವಾಲಿಸಿದ ನೇರ ರೂಪವೇ. ಪೀಟರ್ ಮಥಾಯಸ್ ನೋರ್ಡ್‌ಝೈ 1990ರಲ್ಲಿ ತಂದ ಸ್ಲ್ಯಾಬ್ ಫಾಂಟ್ ಕೆಸಿಲಿಯಾದ ಇಟಾಲಿಕ್‌ನಲ್ಲಿ ಮಾತ್ರ ಕೈಬರಹದ ಓಟವೇ ಇದೆ. ನನ್ನ ಕಣ್ಣಿಗೆ ಅದೇ ಮೇಲು.

ದಪ್ಪ ಹೆಚ್ಚಿದಂತೆ ಅಕ್ಷರದೊಳಗಿನ ಬಿಳಿ ಜಾಗ ಮುಚ್ಚುತ್ತ ಬರುತ್ತದೆ. ಸೆರಿಫ್‌ಗಳು ಪಕ್ಕದ ಅಕ್ಷರದ ಕಡೆಗೂ ಚಾಚುತ್ತವೆ. ಹತ್ತಿರ ಒತ್ತಿಕೊಂಡ ಆಕಾರಗಳನ್ನು ಬೇರ್ಪಡಿಸಿ ಗುರುತಿಸಲು ಕಣ್ಣು ತಿಣುಕುತ್ತದೆ. ದೃಷ್ಟಿವಿಜ್ಞಾನಿಗಳು ಇದನ್ನು ಕ್ರೌಡಿಂಗ್ ಎನ್ನುತ್ತಾರೆ. ಆದ್ದರಿಂದ ಈ ಫಾಂಟಿಗೆ ದೊಡ್ಡ ಗಾತ್ರ, ಕಡಿಮೆ ಪದ ಬೇಕು: ಕ್ರೀಡಾ ತಂಡದ ಅಂಗಿ, ಪೋಸ್ಟರ್, ಪತ್ರಿಕೆಯ ಶೀರ್ಷಿಕೆ, ರಿಯಾಯಿತಿ ಮಾರಾಟದ ಫಲಕ. ವೇಗ ಮತ್ತು ಗಟ್ಟಿತನ ಎರಡನ್ನೂ ಒಟ್ಟಿಗೆ ಹೇಳಬೇಕಾದಾಗ ಇದಕ್ಕೆ ಸಾಟಿಯಿಲ್ಲ. ಇಡೀ ಪ್ಯಾರಾವನ್ನು ಇದರಲ್ಲಿ ಕೂರಿಸಿದರೆ ಓದುಗ ಬೇಗ ದಣಿಯುತ್ತಾನೆ.

ಕನ್ನಡದಲ್ಲಿ ಸೆರಿಫ್ ಇಲ್ಲ, ಇಟಾಲಿಕ್ ಪರಂಪರೆಯೂ ಇಲ್ಲ. ಆದರೂ ಪುಟ ವಿನ್ಯಾಸ ಮಾಡುವಾಗ ಇಟಾಲಿಕ್ ಗುಂಡಿ ಒತ್ತುವ ರೂಢಿ ಬಂದಿದೆ. ಓರೆ ರೂಪವನ್ನು ಯಾರೂ ಬರೆದಿರದ ಫಾಂಟಿನಲ್ಲಿ ತಂತ್ರಾಂಶ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ಆ ಉಂಗುರಕ್ಕೆ ಆದ ಗತಿಯೇ ನಮ್ಮ ದುಂಡು ಅಕ್ಷರಗಳಿಗೂ ಆಗುತ್ತದೆ. ಕನ್ನಡದಲ್ಲಿ ಒತ್ತು ಕೊಡಬೇಕಾದಾಗ ದಪ್ಪ ಅಕ್ಷರ ಬಳಸಿ, ಇಲ್ಲವೇ ಗಾತ್ರ ಹಿಗ್ಗಿಸಿ, ವಾಲಿಸಬೇಡಿ.